ಒಂದು ಮೆಟ್ಟಿಲು ಮುಂದಿರುವವರ ಮಾತು

ನಮಸ್ಕಾರ. ಪರದೇಶಕ್ಕೆ ಬಂದು ಎಂಟು ತಿಂಗಳಾದರೂ ಕೆಲಸದ ಅರ್ಜಿಗಳಿಗೆ ಉತ್ತರವೇ ಬರುತ್ತಿಲ್ಲ, ಒಂದೇ ಮನೆಯನ್ನು ಹಂಚಿಕೊಂಡಿರುವ ನಾಲ್ವರಲ್ಲಿ ಬೇರೆ ದೇಶದಿಂದ ಬಂದ ಇಬ್ಬರಿಗೆ ಕಳೆದ ತಿಂಗಳು ಇದ್ದ ಕೆಲಸವೂ ಹೋಯಿತು ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಹೊಸಬರು ನನ್ನನ್ನು ಕೇಳುವುದು ಬಾಡಿಗೆ, ವೀಸಾ, ಬ್ಯಾಂಕ್ ಖಾತೆಗಳ ಬಗ್ಗೆ. ನೀವು ಮಾತ್ರ, ನಿಮಗೇ ಧೈರ್ಯ ಸಾಲದಿರುವಾಗ ಆ ಇಬ್ಬರಿಗೆ ಧೈರ್ಯ ಹೇಳುವುದು ಹೇಗೆ, ಹೇಳಿದರೆ ಅದು ಸುಳ್ಳಾಗುವುದಿಲ್ಲವೇ ಎಂದು ಕೇಳಿದ್ದೀರಿ. 'ತನಗೇ ಜಾಗವಿಲ್ಲ, ಕೊರಳಲ್ಲೊಂದು ಡೋಲು' ಎಂಬ ಗಾದೆಯನ್ನು ನಿಮ್ಮ ಮೇಲೆ ನೀವೇ ಹೇರಿಕೊಂಡಿರುವುದನ್ನು ಓದಿ ನಕ್ಕೆನಾದರೂ, ಆ ಗಾದೆ ಇಲ್ಲಿ ಸಲ್ಲುವುದಿಲ್ಲವೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಮೊದಲು ಎಂಟು ತಿಂಗಳ ಮಾತು. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗಾರ್ಡ್ ಅವರು, ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದ ಸುಮಾರು 200 ಮಂದಿ ತಮ್ಮ ದೇಶದವರ ಅನುಭವಗಳನ್ನು ಕಲೆಹಾಕಿ 1955ರಲ್ಲಿ ಪ್ರಕಟಿಸಿದರು. ಅಲ್ಲಿ 6ರಿಂದ 18 ತಿಂಗಳು ಇದ್ದವರು, ಅದಕ್ಕಿಂತ ಕಡಿಮೆ ಇದ್ದವರಿಗಿಂತಲೂ ಹೆಚ್ಚು ಇದ್ದವರಿಗಿಂತಲೂ ಕಡಿಮೆ ಹೊಂದಿಕೊಂಡಿದ್ದರು. ಎಲ್ಲರ ಬದುಕೂ ಹೀಗೆ ಇಳಿದು ಮತ್ತೆ ಏರುವ ರೇಖೆಯಲ್ಲೇ ಸಾಗುವುದಿಲ್ಲವೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ, ಆದ್ದರಿಂದ ಇದನ್ನು ಜಾತಕದಂತೆ ಓದಬೇಡಿ. ಆದರೂ ನಿಮ್ಮ ಕುಗ್ಗುವಿಕೆಗೆ ನಿಮ್ಮ ಸ್ವಭಾವವೊಂದೇ ಕಾರಣವಲ್ಲ, ನೀವು ನಿಂತಿರುವ ಜಾಗವೂ ಅಂಥದ್ದು ಎಂದು ತಿಳಿದಿರುವುದು ಒಳ್ಳೆಯದು.

ಇನ್ನು ನನ್ನದೊಂದು ಅನುಭವ. ಇಲ್ಲಿಗೆ ಬಂದ ಮೊದಲ ವರ್ಷ, ವಾಸದ ಪರವಾನಗಿಯನ್ನು ಮುಂದುವರಿಸಲು ಕಚೇರಿಯೊಂದರ ಸಾಲಿನಲ್ಲಿ ಬೆಳಗಿನಿಂದ ನಿಂತಿದ್ದೆ. ನನ್ನ ಮುಂದಿದ್ದ ಮಹಿಳೆಯ ಭಾಷೆ ನನಗೆ ತಿಳಿಯದು, ನನ್ನದು ಆಕೆಗೆ ತಿಳಿಯದು. ನನ್ನ ಕೈಯಲ್ಲಿದ್ದ ಅರ್ಜಿಯನ್ನು ಸ್ವಲ್ಪ ಹೊತ್ತು ನೋಡಿ, ಆಕೆ ತನ್ನ ಚೀಲದಿಂದ ಮಡಚಿ ಮಡಚಿ ಮೂಲೆ ಸವೆದ ಹಳೆಯ ಅರ್ಜಿಯೊಂದನ್ನು ತೆಗೆದರು. ಅದರ ಮೇಲೆ ತಿರಸ್ಕಾರದ ಕೆಂಪು ಮುದ್ರೆಯಿತ್ತು. ಏಳನೆಯ ಪುಟವನ್ನು ತಿರುವಿ, ಸಹಿಗೆಂದು ಬಿಟ್ಟಿದ್ದ ಎರಡು ಜಾಗಗಳಲ್ಲಿ ಖಾಲಿ ಉಳಿದಿದ್ದ ಎರಡನೆಯದರ ಮೇಲೆ ಬೆರಳಿಟ್ಟು, ಆಮೇಲೆ ನನ್ನ ಅರ್ಜಿಯ ಅದೇ ಪುಟದತ್ತ ಕಣ್ಣಿನಲ್ಲೇ ತೋರಿಸಿದರು. ಅಲ್ಲಿಯೂ ಅದು ಖಾಲಿಯಿತ್ತು. ಪೆನ್ನನ್ನೂ ಅವರೇ ಕೊಟ್ಟರು.

ಆಕೆ ನೆಲೆಯೂರಿದವರಲ್ಲ. ಒಮ್ಮೆ ಸೋತು ಮತ್ತೆ ಅದೇ ಸಾಲಿಗೆ ಬಂದವರು, ಆ ದಿನ ತನ್ನ ಕೆಲಸವೇ ಆಗುತ್ತದೆಂಬ ಖಾತರಿಯೂ ಅವರಿಗಿರಲಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಅವರ ಸೋಲಿನ ವಿವರವೇ ಹೊರತು ಗೆದ್ದವರ ಹಾರೈಕೆಯಲ್ಲ. ನೆಲೆ ಸಿಕ್ಕಿದ ಮೇಲೆ ಇತರರಿಗೆ ನೆರವಾಗೋಣವೆಂದು ಕಾಯುವವರು ಮರೆಯುವ ಸಂಗತಿ ಇದು: ನೆಲೆಯೂರುವಷ್ಟರಲ್ಲಿ ನಾವು ದಾರಿಯನ್ನೇ ಮರೆತಿರುತ್ತೇವೆ. ಸಂದರ್ಶನಕ್ಕೆ ಹೋಗುವ ಬೆಳಿಗ್ಗೆ ಹೊಟ್ಟೆಯಲ್ಲಿ ಏನಾಗುತ್ತದೆಂಬುದು ನನಗೀಗ ಬರಿಯ ನೆನಪು, ನಿಮಗೋ ಅದು ಮೊನ್ನೆಯ ಮಾತು.

ಸುಳ್ಳಾಗುವುದಿಲ್ಲವೇ ಎಂಬ ನಿಮ್ಮ ಅಳುಕಿಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕೆಲಸ ಕಳೆದುಕೊಂಡ ಯುವಕನೊಬ್ಬ ಕರೆ ಮಾಡಿದಾಗಲೆಲ್ಲ 'ಎಲ್ಲ ಸರಿಹೋಗುತ್ತದೆ' ಎನ್ನುತ್ತಿದ್ದೆ. ಮೂರನೆಯ ಬಾರಿಗೆ ಆತ ಸುಮ್ಮನಾದ, ಆಮೇಲೆ ಕರೆ ಮಾಡುವುದನ್ನೇ ಬಿಟ್ಟ. ನಾನು ಹೇಳಿದ್ದು ನನಗೆ ತಿಳಿಯದ ಸಂಗತಿ ಎಂದು ಅವನಿಗೆ ಗೊತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಭರವಸೆಯನ್ನು ವಿವರಿಸುವಾಗ, ಗುರಿ ಮುಟ್ಟಬಲ್ಲೆನೆಂಬ ಛಲದಷ್ಟೇ ಮಹತ್ವವನ್ನು ಅಲ್ಲಿಗೆ ಹೋಗುವ ದಾರಿಗಳನ್ನು ಕಾಣುವ ಶಕ್ತಿಗೂ ಕೊಟ್ಟಿದ್ದರು. ನಾನು ಆ ಹುಡುಗನಿಗೆ ಒಂದು ದಾರಿಯನ್ನೂ ತೋರಿಸದೆ ಛಲವನ್ನಷ್ಟೇ ಬೇಡಿದೆ. 'ನನಗೂ ಉತ್ತರ ಬಂದಿಲ್ಲ, ನಾಳೆ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಹೋಗುತ್ತೇನೆ, ಜೊತೆಗೆ ಬನ್ನಿ, ಇಬ್ಬರ ಅರ್ಜಿಗಳನ್ನೂ ಒಟ್ಟಿಗೆ ತಿದ್ದೋಣ' ಎಂದು ನೀವು ಹೇಳಿದರೆ ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರುವುದಿಲ್ಲ.

ಭಾಷೆ ತೊಡರುತ್ತದೆ, ಆಡಿದ್ದು ಪೆದ್ದುಪೆದ್ದಾಗಿ ಕೇಳಿಸೀತು ಎಂಬ ಸಂಕೋಚವನ್ನೂ ತೋಡಿಕೊಂಡಿದ್ದೀರಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೃತಜ್ಞತೆಯ ಪತ್ರ ಬರೆದವರು ಅದನ್ನು ಪಡೆದವರಿಗೆ ಆಗುವ ಸಂತೋಷವನ್ನು ಇರುವುದಕ್ಕಿಂತ ಕಡಿಮೆಯೆಂದೂ, ಮುಜುಗರವನ್ನು ಇರುವುದಕ್ಕಿಂತ ಹೆಚ್ಚೆಂದೂ ಎಣಿಸಿದ್ದರು. ಬರೆಯುವವರಿಗೆ ಪದಗಳದ್ದೇ ಚಿಂತೆಯಾದರೆ ಓದುವವರ ಗಮನ ಅದರ ಹಿಂದಿನ ಅಕ್ಕರೆಯ ಮೇಲಿತ್ತು. ವ್ಯಾಕರಣವನ್ನು ಅರ್ಜಿಗೆ ಮೀಸಲಿಡಿ, ಅಡುಗೆಮನೆಯಲ್ಲಿ ಅದು ಬೇಡ.

ಮಿತಿಗಳಿವೆ, ಅವನ್ನೂ ಹೇಳಿಬಿಡುತ್ತೇನೆ. ವಾಪಸ್ಸು ಬಾರದಿದ್ದರೆ ಮರೆಯಬಲ್ಲಷ್ಟು ಹಣವನ್ನು ಮಾತ್ರ ಸಾಲ ಕೊಡಿ. ವೀಸಾದ ವಿಷಯದಲ್ಲಿ ನಿಮಗೆ ಆದದ್ದನ್ನು ಹೇಳಬಹುದು, ಅವರಿಗೂ ಹಾಗೆಯೇ ಆಗುತ್ತದೆಂದು ಹೇಳಬಾರದು. ಯಾರಾದರೂ ಬದುಕೇ ಬೇಡವೆಂಬಂತೆ ಮಾತನಾಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಆ ಭಾರವನ್ನು ನೀವೊಬ್ಬರೇ ಹೊರಲು ಹೋಗದೆ, ವೈದ್ಯರನ್ನೋ ತುರ್ತು ಸಹಾಯವಾಣಿಯನ್ನೋ ಕೂಡಲೇ ಸಂಪರ್ಕಿಸಿ.

ಕೊನೆಗೊಂದು ಕೋರಿಕೆ. ಆ ಏಳನೆಯ ಪುಟದ ಗುಟ್ಟನ್ನು ನಾನು ಬಹಳ ವರ್ಷ ಹೊಸಬರಿಗೆಲ್ಲ ಹೇಳುತ್ತಾ ಬಂದೆ. ಈಗ ಆ ಅರ್ಜಿಯೇ ಬದಲಾಗಿದೆ, ಎಲ್ಲವೂ ಕಂಪ್ಯೂಟರಿನಲ್ಲಿ, ಹೊಸದನ್ನು ನಾನು ಒಮ್ಮೆಯೂ ತುಂಬಿಲ್ಲ. ನೀವು ತುಂಬಿದ್ದೀರಿ, ಅದೂ ಎರಡು ಬಾರಿ. ಬರುವ ತಿಂಗಳು ನನ್ನ ಸಹೋದ್ಯೋಗಿಯೊಬ್ಬರ ತಂಗಿ ಇಲ್ಲಿಗೆ ಬರುತ್ತಿದ್ದಾರೆ, ಅವರಿಗೆ ನಿಮ್ಮ ದೂರವಾಣಿ ಸಂಖ್ಯೆಯನ್ನು ಕೊಡಬಹುದೇ?