1984-85ರಲ್ಲಿ ವೆರೋನಾದಂಥ ಸಣ್ಣ ತಂಡ ಇಟಲಿಯ ಫುಟ್‌ಬಾಲ್ ಲೀಗ್ ಗೆದ್ದಿದ್ದು ಹೇಗೆ?

ಅದೃಷ್ಟ ಅಂತ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 30 ಪಂದ್ಯಗಳಲ್ಲಿ ಅವರು ಸೋತಿದ್ದು ಎರಡೇ ಎರಡು.

ಮೊದಲ ಪಂದ್ಯದಲ್ಲೇ ಎದುರಾಗಿದ್ದು ನಾಪೋಲಿ. ಸೀರಿ ಎ ಅನ್ನುವ ಈ ಲೀಗ್‌ನಲ್ಲಿ ನಾಪೋಲಿಯ ಮರಡೋನಾ ಆಡಿದ ಮೊದಲ ಪಂದ್ಯವೂ ಅದೇ. ವೆರೋನಾದಲ್ಲಿದ್ದ ಜರ್ಮನಿಯ ಬ್ರೀಗೆಲ್ ಮರಡೋನಾ ಬೆನ್ನು ಬಿಡಲಿಲ್ಲ. ಸಾಲದ್ದಕ್ಕೆ ತಾವೂ ಒಂದು ಗೋಲು ಹೊಡೆದರು! ವೆರೋನಾ 3-1ರಿಂದ ಗೆದ್ದಿತು. ಅಕ್ಟೋಬರ್‌ನಲ್ಲಿ ಯುವೆಂಟಸ್ ವಿರುದ್ಧ ಡೆನ್ಮಾರ್ಕಿನ ಎಲ್ಕ್‌ಯಾರ್ ಚೆಂಡಿನ ಜೊತೆ ನುಗ್ಗುವಾಗ ಒಂದು ಬೂಟು ಕಳಚಿಹೋಯಿತು. ಅವರು ನಿಲ್ಲಲೇ ಇಲ್ಲ, ಬೂಟಿಲ್ಲದೆಯೇ ಗೋಲು ಹೊಡೆದರು. ಆ ಸೀಸನ್ ಅಂದರೆ ಇವತ್ತಿಗೂ ಜನಕ್ಕೆ ಜಾಸ್ತಿ ನೆನಪಾಗುವುದು ಇದೇ.

ಆ ವರ್ಷ ರೆಫರಿಗಳನ್ನು ಲಾಟರಿ ಎತ್ತಿ ಆರಿಸುತ್ತಿದ್ದರು. ದೊಡ್ಡ ಕ್ಲಬ್‌ಗಳ ಪ್ರಭಾವ ನಡೆಯಲಿಲ್ಲ, ಅದಕ್ಕೇ ವೆರೋನಾ ಗೆದ್ದಿತು ಅನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. 30 ಪಂದ್ಯಗಳಲ್ಲಿ ಬರೀ 19 ಗೋಲು ಬಿಟ್ಟುಕೊಟ್ಟಿದ್ದು ರೆಫರಿ ಅಲ್ಲ, ಅಲ್ವಾ? ಕೋಚ್ ಬಾನ್ಯೋಲಿ ಬೇರೆ ಕ್ಲಬ್‌ಗಳಿಗೆ ಬೇಡವಾದ ಕೆಲವರನ್ನೂ ಸೇರಿಸಿಕೊಂಡು ಗಟ್ಟಿ ತಂಡ ಕಟ್ಟಿದ್ದರು.

1985ರ ಮೇ 12ರಂದು ಬೆರ್ಗಾಮೊದಲ್ಲಿ ಅಟಲಾಂಟಾ ಜೊತೆ 1-1 ಡ್ರಾ ಆಯಿತು, ಪಟ್ಟ ಖಾತ್ರಿಯಾಯಿತು. ವೆರೋನಾ ಗೆದ್ದ ಒಂದೇ ಒಂದು ಲೀಗ್ ಪಟ್ಟ ಅದು.