‘ಇಲ್ಲ’ ಅನ್ನದೆಯೇ ಇಲ್ಲ ಅಂದಾಗ

ಪ್ರಶ್ನೆ: ನಾನು ಕನ್ನಡ ಎಂ.ಎ. ಓದುತ್ತಿದ್ದೇನೆ. ನಮ್ಮ ಕಡೆಯ ದಿನನಿತ್ಯದ ಮಾತುಕತೆ ಬಗ್ಗೆ ಕಿರುಪ್ರಬಂಧ ಬರೆಯುವ ಆಸೆ ಇದೆ. ‘ದಿನಾ ಆಡೋ ಮಾತಿನಲ್ಲಿ ಎಂಥ ಸಂಶೋಧನೆ?’ ಅಂತ ಗೆಳೆಯರು ಕೇಳುತ್ತಾರೆ. ವಿದ್ವಾಂಸರು ಮಾತನ್ನು ಹೇಗೆ ವಿಶ್ಲೇಷಣೆ ಮಾಡುತ್ತಾರೆ? ಆಡಿದವರ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗೋದು ಹೇಗೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಆಡಿದ ಮಾತನ್ನು ಎದುರಿನವರು ಏನಂತ ತಿಳಿದುಕೊಂಡರು ಅನ್ನೋದು ಅವರ ಮುಂದಿನ ಮಾತಿನಲ್ಲಿ ಕಾಣುತ್ತದೆ. ಆ ಮುಂದಿನ ಮಾತೇ ನಮ್ಮ ಪುರಾವೆ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಒಂದು ಉದಾಹರಣೆ ನೋಡಿ. ನಾನೇ ಹೊಂದಿಸಿದ್ದು, ಆದರೆ ಇಂಥ ಮಾತು ನಮ್ಮ ಮನೆಗಳಲ್ಲಿ ದಿನಾ ಕಿವಿಗೆ ಬೀಳುತ್ತದೆ.

ತಮ್ಮ: ಅಣ್ಣಾ, ಸಂಜಿಗಿ ಗಾಡಿ ಖಾಲಿ ಅದ ಏನು?
ಅಣ್ಣ: ಯಾಕ, ಎಲ್ಲಿಗಿ ಹೋಗೋದದ?
ತಮ್ಮ: ಆಳಂದಕ್ಕ ಹೋಗಿ ಬರ್ತಿದ್ದೆ.
(ಒಂದು ಸೆಕೆಂಡ್ ಮೌನ)
ತಮ್ಮ: ಇಲ್ಲಂದ್ರ ಬಸ್ಸಿಗಿ ಹೋಗ್ತೀನಿ ಬಿಡು.
ಅಣ್ಣ: ಹಾಂ, ಅಲ್ಲ... ಕೊಡ್ತಿದ್ದೆ ನೋಡು. ಸಂಜಿಗಿ ನಿಮ್ಮ ವೈನಿಗಿ ದವಾಖಾನಿಗಿ ಕರ್ಕೊಂಡು ಹೋಗೋದದ.

ವ್ಯಾಕರಣದ ಪ್ರಕಾರ ಮೊದಲ ಸಾಲು ಬರೀ ವಿಚಾರಣೆ. ಗಾಡಿ ಖಾಲಿ ಇದೆಯೋ ಇಲ್ಲವೋ, ಅಷ್ಟೆ. ಅಣ್ಣ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಎಲ್ಲಿಗೆ ಅಂತ ಕೇಳಿದ. ಅಂದರೆ, ಈಗ ಗಾಡಿ ಕೇಳ್ತಾನೆ ಅಂತ ಅವನಿಗೆ ಆಗಲೇ ಗೊತ್ತಾಗಿದೆ. ಇದು ನಮ್ಮ ಊಹೆ ಅಲ್ಲ, ಅವನ ಮಾತೇ ತೋರಿಸುತ್ತಿದೆ.

ಆಮೇಲೆ ಆ ಮೌನ. ತಮ್ಮ ಅದನ್ನು ‘ಆಗಲ್ಲ’ ಅಂತ ಕೇಳಿಸಿಕೊಂಡ. ತಾನೇ ಬಸ್ಸಿನ ದಾರಿ ಹಿಡಿದ. ಕೊನೆಗೆ ಅಣ್ಣನ ಸಾಲು ನೋಡಿ. ಮೊದಲು ತಡವರಿಕೆ, ಆಮೇಲೆ ಕೊಡುವ ಮನಸ್ಸಿತ್ತು ಅನ್ನೋ ಮಾತು, ಆಮೇಲೆ ಕಾರಣ. ಕೊಡಲ್ಲ ಅನ್ನೋ ಮಾತು ಅವನ ಬಾಯಿಂದ ಬರಲೇ ಇಲ್ಲ. ಒಪ್ಪಿಗೆ ಸಾಮಾನ್ಯವಾಗಿ ತಟ್ಟನೆ ಬರುತ್ತದೆ. ನಿರಾಕರಣೆ ತಡವಾಗಿ, ಸುತ್ತಿ ಬಳಸಿ, ಜೊತೆಗೆ ಒಂದು ಕಾರಣ ಕಟ್ಟಿಕೊಂಡು ಬರುತ್ತದೆ. ಬೇರೆ ಬೇರೆ ಭಾಷೆಗಳಲ್ಲಿ ವಿದ್ವಾಂಸರು ಇದನ್ನು ಕಂಡಿದ್ದಾರೆ.

ಈ ದಾರಿ ಹಾಕಿದವರಲ್ಲಿ ಮುಖ್ಯರು ಅಮೆರಿಕದ ಹಾರ್ವಿ ಸ್ಯಾಕ್ಸ್. 1960ರ ದಶಕದಲ್ಲಿ ಅವರು ಲಾಸ್ ಏಂಜಲೀಸಿನ ಆತ್ಮಹತ್ಯೆ ತಡೆ ಕೇಂದ್ರವೊಂದಕ್ಕೆ ಬರುತ್ತಿದ್ದ ಫೋನ್ ಕರೆಗಳನ್ನು ಕೇಳಿಸಿಕೊಂಡರು. ಕೇಂದ್ರದವರು ತಮ್ಮ ಹೆಸರು ಹೇಳಿ ಮಾತು ಶುರು ಮಾಡಿದರೆ, ಕರೆ ಮಾಡಿದವರೂ ಸಾಮಾನ್ಯವಾಗಿ ಹೆಸರು ಹೇಳುತ್ತಿದ್ದರು. ಒಬ್ಬರು ಮಾತ್ರ ‘ನಿಮ್ಮ ಮಾತು ಕೇಳಿಸ್ತಿಲ್ಲ’ ಅಂದರು. ಹೆಸರು ಹೇಳಬೇಕಾದ ಜಾಗಕ್ಕೆ ಬೇರೆ ಮಾತು ಬಂದು ಕೂತಿತು, ಹೆಸರು ತಪ್ಪಿಹೋಯಿತು. ಕಿವಿ ಮಂದವಾ, ಲೈನ್ ಕೆಟ್ಟಿತ್ತಾ ಅಂತ ಸ್ಯಾಕ್ಸ್ ತಲೆ ಕೆಡಿಸಿಕೊಳ್ಳಲಿಲ್ಲ. ಆ ಮಾತು ಆ ಜಾಗದಲ್ಲಿ ಏನು ಕೆಲಸ ಮಾಡಿತು ಅನ್ನೋದನ್ನು ಹಿಡಿದರು. ಸಂಕಟದಲ್ಲಿರುವ ಮನುಷ್ಯ ತನ್ನ ಗುರುತು ಹೇಗೆ ಕಾಪಾಡಿಕೊಳ್ಳುತ್ತಾನೆ ಅನ್ನೋದು ಇಷ್ಟು ಸಣ್ಣ ಸಾಲಿನಲ್ಲಿ ಸಿಗುತ್ತದೆ. ನಿಮ್ಮ ಗೆಳೆಯರಿಗೆ ಇದನ್ನೇ ಹೇಳಿ.

1974ರಲ್ಲಿ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಮೂವರೂ ಸೇರಿ, ಮಾತಿನ ಸರದಿ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಅಂತ ಬರೆದರು. 2009ರಲ್ಲಿ 10 ಭಾಷೆಗಳ ಹೋಲಿಕೆ ಪ್ರಕಟವಾಯಿತು. ಹೌದು-ಇಲ್ಲ ಪ್ರಶ್ನೆ ಮುಗಿದು ಉತ್ತರ ಬರುವ ನಡುವಿನ ಬಿಡುವು ಸರಾಸರಿ 0.2 ಸೆಕೆಂಡ್‌ನಷ್ಟು. ಅಂಥದ್ದರಲ್ಲಿ ಒಂದು ಸೆಕೆಂಡ್ ಅಂದರೆ ಬಹಳ ದೊಡ್ಡ ಮೌನ. ತಮ್ಮ ಸುಮ್ನೆ ಹಿಂದೆ ಸರಿದಿಲ್ಲ! ಆ 10 ಭಾಷೆಗಳಲ್ಲಿ ಕನ್ನಡ ಇಲ್ಲ. ನಿಮ್ಮಂಥವರಿಗೆ ಕೆಲಸ ಕಾದಿದೆ ಅಂತ ನಾನು ಹೇಳುವುದು ಇದಕ್ಕೇ.

ಮೊಬೈಲಿನಲ್ಲಿ ಹತ್ತು ನಿಮಿಷದ ಮಾತು ರೆಕಾರ್ಡ್ ಮಾಡಿಕೊಂಡರೆ ಶುರುವಿಗೆ ಸಾಕು. ಮಾತಾಡುವವರ ಒಪ್ಪಿಗೆ ಮೊದಲೇ ಕೇಳಿ, ಬರೆಯುವಾಗ ಹೆಸರು ಬದಲಿಸಿ. ಜೆಫರ್ಸನ್ ಇದಕ್ಕೊಂದು ಬರಹದ ಪದ್ಧತಿ ಮಾಡಿಕೊಟ್ಟಿದ್ದಾರೆ. ಮೌನವನ್ನು ಸೆಕೆಂಡಿನ ಹತ್ತನೇ ಭಾಗದ ಲೆಕ್ಕದಲ್ಲಿ ದುಂಡು ಕಂಸದೊಳಗೆ ಬರೆಯುತ್ತಾರೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ ಚೌಕ ಕಂಸ. ಎಳೆದ ದನಿಗೆ ಒಂದರ ಮೇಲೊಂದು ಎರಡು ಚುಕ್ಕಿ (:).

ಒಂದು ಮಾತು ಒತ್ತಿ ಹೇಳುತ್ತೇನೆ. ‘ಅದ’ ಅಂದಿದ್ದನ್ನು ‘ಇದೆ’ ಅಂತ ತಿದ್ದಬೇಡಿ. ‘ಹೋಗಲತ್ತೀನ್ರಿ’ ಅಂದಿದ್ದನ್ನು ‘ಹೋಗುತ್ತಿದ್ದೇನೆ’ ಮಾಡಬೇಡಿ. ಕೊನೆಯ ಆ ‘ರಿ’ ಎಲ್ಲಿ ಬಂತು, ಎಲ್ಲಿ ಬಿಟ್ಟುಹೋಯಿತು ಅನ್ನೋದರಲ್ಲಿ ಯಾರು ಯಾರಿಗೆ ಮರ್ಯಾದೆ ಕೊಟ್ಟರು, ಯಾವಾಗ ಸಲಿಗೆ ಬಂತು ಅನ್ನೋ ಕಥೆಯೇ ಇರುತ್ತದೆ. ನಡುವೆ ದಖನಿ ಉರ್ದು, ಮರಾಠಿ ಬಂದರೂ ಹಾಗೇ ಇರಲಿ. ಗಂಪರ್ಜ್ ಮತ್ತು ವಿಲ್ಸನ್ ಅನ್ನೋ ವಿದ್ವಾಂಸರು ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಒಂದರ ವ್ಯಾಕರಣಕ್ಕೆ ಇನ್ನೊಂದು ಹೊಂದಿಕೊಂಡಿದ್ದನ್ನು 1971ರಲ್ಲೇ ಬರೆದರು. ನಮ್ಮ ಗಡಿ ಮಾತನ್ನು ‘ಕಲಬೆರಕೆ’ ಅಂತ ತಳ್ಳಿಹಾಕುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಪ್ರಶ್ನೆ: ವೇದಿಕೆ ಮೇಲೆ ಒಬ್ಬರು ಒಳ್ಳೆಯ ವಿಷಯ ಹೇಳಿದರೂ ಜನ ಸುಮ್ಮನಿರುತ್ತಾರೆ. ಇನ್ನೊಬ್ಬರಿಗೆ ಸಾಧಾರಣ ಮಾತಿಗೇ ಜೋರು ಚಪ್ಪಾಳೆ. ಇದನ್ನು ವಿಶ್ಲೇಷಣೆ ಮಾಡೋಕೆ ಬರುತ್ತದಾ?
– ಓದುಗರೊಬ್ಬರು, ಬಸವಕಲ್ಯಾಣ

ಉತ್ತರ: ಬರುತ್ತದೆ. ಇದು ಬಹಳ ಹಳೆಯ ವಿಚಾರ. ಮಾತು ಮೂರು ದಾರಿಯಲ್ಲಿ ಮನಸ್ಸು ಒಲಿಸುತ್ತದೆ ಅಂತ ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಹೇಳಿದ್ದ. ಹೇಳುವವನ ನಡತೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತು. ಹದವರಿತು ಮಾತಾಡುವುದು, ಆಡಿದ ಮಾತನ್ನು ಅರಿತು ತೂಗುವುದು ಈ ನಾಡಿನವರಿಗೆ ಬರುತ್ತದೆ ಅಂತ ಅದರಲ್ಲಿದೆ. ತೂಗುವುದನ್ನೂ ಸೇರಿಸಿ ಹೇಳಿದ್ದು ನೋಡಿ.

ಚಪ್ಪಾಳೆಯ ವಿಷಯಕ್ಕೆ ಬರೋಣ. ಸಭಿಕರ ಪಾಲಿಗೆ ಚಪ್ಪಾಳೆಯೇ ಮುಂದಿನ ಮಾತು. ಜಾನ್ ಹೆರಿಟೇಜ್, ಡೇವಿಡ್ ಗ್ರೇಟ್‌ಬ್ಯಾಚ್ ಇಬ್ಬರೂ ಬ್ರಿಟನ್ನಿನ 1981ರ ಪಕ್ಷ ಸಮ್ಮೇಳನಗಳ 476 ಭಾಷಣಗಳನ್ನು ನೋಡಿ 1986ರಲ್ಲಿ ಬರೆದರು. ಸುಮಾರು ಮೂರರಲ್ಲಿ ಎರಡು ಪಾಲು ಚಪ್ಪಾಳೆ ಬಂದಿದ್ದು ಕೆಲವೇ ಮಾತಿನ ಕಟ್ಟುಗಳಿಗೆ. ಎರಡನ್ನು ಎದುರುಬದುರು ನಿಲ್ಲಿಸುವುದು ಅದರಲ್ಲೊಂದು, ಮೂರರ ಪಟ್ಟಿ ಇನ್ನೊಂದು.

‘ನಾವು ಕೆರೆ ತುಂಬಿಸಿ ಅಂದೆವು. ಅವರು ಕಡತ ತುಂಬಿಸಿದರು.’ ಹೀಗಂದರೆ ಮಾತು ಯಾವ ಪದಕ್ಕೆ ಮುಗಿಯುತ್ತದೆ ಅಂತ ಜನಕ್ಕೆ ಮೊದಲೇ ಗೊತ್ತಾಗುತ್ತದೆ. ಒಬ್ಬರೇ ಚಪ್ಪಾಳೆ ತಟ್ಟಲು ಯಾರಿಗಾದರೂ ಮುಜುಗರ, ಅಲ್ವಾ? ಎಲ್ಲರೂ ಒಟ್ಟಿಗೆ ಕೈ ತಟ್ಟುವ ಜಾಗ ಸಿಕ್ಕರೆ ಸಭೆ ತಟ್ಟುತ್ತದೆ. ಒಳ್ಳೆಯ ವಿಷಯ ಹೇಳಿದ ನಿಮ್ಮ ಮೊದಲ ಭಾಷಣಕಾರರು ಆ ಜಾಗ ಕೊಟ್ಟಿರಲಿಕ್ಕಿಲ್ಲ.

ಹೇಳಿದ್ದು ಸರಿಯೋ ಅನ್ನೋದನ್ನು ಚಪ್ಪಾಳೆ ಹೇಳಲ್ಲ. ಅದಕ್ಕೆ ತತ್ವಜ್ಞಾನಿ ಸ್ಟೀಫನ್ ಟೂಲ್‌ಮಿನ್ 1958ರಲ್ಲಿ ಕೊಟ್ಟ ದಾರಿ ನನಗೆ ಇಷ್ಟ. ‘ತೊಗರಿ ದರ ಬಿದ್ದಿದೆ, ಆಮದು ನಿಲ್ಲಿಸಿ’ ಅಂದರು ಅಂತಿಟ್ಟುಕೊಳ್ಳಿ. ದರ ಬಿದ್ದಿದ್ದು ಆಧಾರ, ಆಮದು ನಿಲ್ಲಿಸಿ ಅನ್ನೋದು ವಾದ. ಆಮದಿನಿಂದಲೇ ದರ ಬಿತ್ತು ಅನ್ನೋ ನಡುವಿನ ಕೊಂಡಿಯನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಅದನ್ನು ಎಳೆದು ಹೊರಗಿಟ್ಟು, ಈ ವರ್ಷದ ಮಟ್ಟಿಗೆ ನಿಜವಾ ಅಂತ ಕೇಳಬೇಕು.

ಪ್ರಶ್ನೆ: ಪಿಎಚ್‌.ಡಿ. ಪ್ರಬಂಧದ ಪೀಠಿಕೆ ಬರೆದಿದ್ದೇನೆ. ಮಾಹಿತಿ ಎಲ್ಲಾ ಇದೆ. ಆದರೂ ‘ಕೂಡ್ತಿಲ್ಲ’ ಅಂತ ಮಾರ್ಗದರ್ಶಕರು ವಾಪಸ್ ಕೊಟ್ಟರು. ಏನು ತಪ್ಪಿರಬಹುದು?
– ಓದುಗರೊಬ್ಬರು, ಯಾದಗಿರಿ

ಉತ್ತರ: ಬರಹದಲ್ಲಿ ಓದುಗರು ನಡುವೆ ಬಾಯಿ ಹಾಕಿ ‘ಯಾಕ್ರಿ?’ ಅನ್ನೋಕಾಗಲ್ಲ. ಅವರ ಪ್ರಶ್ನೆಯನ್ನು ನೀವೇ ಮುಂಚೆ ಊಹಿಸಿ ಉತ್ತರ ಕೊಟ್ಟಿರಬೇಕು. ಜಾನ್ ಸ್ವೇಲ್ಸ್ 1990ರಲ್ಲಿ ಸಂಶೋಧನಾ ಲೇಖನಗಳ ಪೀಠಿಕೆಯಲ್ಲಿ ಮೂರು ಹೆಜ್ಜೆ ಗುರುತಿಸಿದರು. ಈ ವಿಷಯ ಯಾಕೆ ಮುಖ್ಯ, ಇಲ್ಲಿವರೆಗೆ ಏನಾಗಿದೆ ಅನ್ನೋದು ಮೊದಲನೆಯದು. ಅದರಲ್ಲಿ ಏನು ಉಳಿದುಹೋಗಿದೆ ಅನ್ನೋದು ಎರಡನೆಯದು. ಅದನ್ನು ನಾನು ಹೀಗೆ ತುಂಬುತ್ತೇನೆ ಅನ್ನೋದು ಮೂರನೆಯದು.

ನಮ್ಮಲ್ಲಿ ಹಿಂದಿನವರ ಕೆಲಸದಲ್ಲಿ ಕೊರತೆ ಇದೆ ಅಂತ ಬರೆಯಲು ಸಂಕೋಚ ಜಾಸ್ತಿ. ಹೀಗಾಗಿ ಎರಡನೇ ಹೆಜ್ಜೆ ಜಾರಿಹೋಗುತ್ತದೆ. ಹಿರಿಯರನ್ನು ಹಗುರ ಮಾಡದೆಯೂ ‘ಇವರು ಇಲ್ಲಿವರೆಗೆ ಬಂದರು, ಇದರಾಚೆ ನೋಡಿಲ್ಲ’ ಅಂತ ಬರೆಯಬಹುದು. ಪೆನ್ಸಿಲ್ ಹಿಡಿದು ನಿಮ್ಮ ಪೀಠಿಕೆಯಲ್ಲಿ ಆ ಸಾಲು ಎಲ್ಲಿದೆ ಹುಡುಕಿ. ಐದಾರು ಪುಟ ದಾಟಿದರೂ ಸಿಗದಿದ್ದರೆ, ಮಾರ್ಗದರ್ಶಕರ ತಕರಾರು ಅದರ ಮೇಲೇ ಇರಬಹುದು.