ಮ್ಯಾಪಿನ ಚುಕ್ಕಿಗಳಿಗೆ ಎಷ್ಟು ಬಣ್ಣ ಬೇಕು?

ಪ್ರಶ್ನೆ: ನಾನು ಯಂತ್ರಗಳ ರಿಪೇರಿ ಮಾಡುವ ಕಂಪನಿಯಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ಪವರ್ ಬಿಐ (ಡೇಟಾವನ್ನು ಚಿತ್ರವಾಗಿ ತೋರಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಡ್ಯಾಶ್‌ಬೋರ್ಡಿನ ಮ್ಯಾಪಿನಲ್ಲಿ ದೂರು ಬಂದ ಜಾಗಗಳೆಲ್ಲ ಕಾಣುತ್ತವೆ. ಸ್ಟೇಟಸ್ ಏಳು ಬಗೆ. ಅದನ್ನು ಲೆಜೆಂಡ್‌ಗೆ, ಅಂದರೆ ಯಾವ ಬಣ್ಣ ಏನು ಎಂದು ತೋರಿಸುವ ಪಟ್ಟಿಗೆ, ಹಾಕಿದರೆ ಏಳು ಬಣ್ಣ ಬರುತ್ತದೆ. ಆದರೆ ನೋಡಿದವರೆಲ್ಲ ಏನೂ ಗೊತ್ತಾಗುತ್ತಿಲ್ಲ ಅಂತಾರೆ. ಏನು ಮಾಡಲಿ?

ಉತ್ತರ: ಏಳು ಜಾಸ್ತಿ ಆಯಿತು. ಆ ಮ್ಯಾಪ್ ನೋಡುವವರು ಯಾರು? ಮೆಕ್ಯಾನಿಕ್‌ಗಳನ್ನು ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸುವವರು, ಅಲ್ವಾ? ಅವರಿಗೆ ‘ಬಿಡಿಭಾಗಕ್ಕೆ ಆರ್ಡರ್ ಕೊಟ್ಟಾಗಿದೆ’, ‘ಬಿಡಿಭಾಗ ದಾರಿಯಲ್ಲಿದೆ’ ಎರಡೂ ಒಂದೇ. ಈಗ ಹೋಗಿ ಪ್ರಯೋಜನವಿಲ್ಲ, ಅಷ್ಟೆ. ಹಾಗಾಗಿ ಏಳನ್ನೂ ಮೂರು ಗುಂಪು ಮಾಡಿ: 1 ಈಗಲೇ ಹೋಗಬೇಕು, 2 ಕಾಯಬೇಕು, 3 ಮುಗಿದಿದೆ. ಪೂರ್ತಿ ವಿವರ ಟೂಲ್‌ಟಿಪ್‌ನಲ್ಲಿ (ಚುಕ್ಕಿಯ ಮೇಲೆ ಮೌಸ್ ಇಟ್ಟಾಗ ಕಾಣುವ ಬಾಕ್ಸಿನಲ್ಲಿ) ಇರಲಿ.

ಮುಗಿದದ್ದಕ್ಕೆ ದಯವಿಟ್ಟು ಹಸಿರು ಕೊಡಬೇಡಿ. ತಿಳಿ ಬೂದು ಸಾಕು. ದಿನ ಕಳೆದಂತೆ ಮುಗಿದ ಕೆಲಸಗಳೇ ಜಾಸ್ತಿಯಾಗುತ್ತವೆ. ಅವೆಲ್ಲ ಹಸಿರಾಗಿ ಹೊಳೆದರೆ, ಮೆಕ್ಯಾನಿಕ್‌ಗಾಗಿ ಕಾಯುತ್ತಿರುವ ಒಂದು ಚುಕ್ಕಿ ಕಣ್ಣಿಗೇ ಬೀಳುವುದಿಲ್ಲ. ಕೆಂಪು-ಹಸಿರು ಜೋಡಿಗೆ ಇನ್ನೊಂದು ತೊಂದರೆಯೂ ಇದೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲೇ ನೂರಕ್ಕೆ ಸುಮಾರು 8 ಮಂದಿಗೆ ಈ ಎರಡರ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಇಂಥವರಿಗೂ ಗೊತ್ತಾಗುವ ಬಣ್ಣಗಳನ್ನು ಜಪಾನಿನ ವಿಜ್ಞಾನಿಗಳಾದ ಮಸತಾಕ ಒಕಾಬೆ ಮತ್ತು ಕೇ ಇತೋ ಆರಿಸಿಟ್ಟಿದ್ದಾರೆ. ಅದರಲ್ಲಿ ಎರಡು ತೆಗೆದುಕೊಳ್ಳಿ. ಈಗಲೇ ಹೋಗಬೇಕಾದದ್ದಕ್ಕೆ ಕೇಸರಿ-ಕೆಂಪು, ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ) 213, 94, 0. ಕಾಯಬೇಕಾದದ್ದಕ್ಕೆ ನೀಲಿ, 0, 114, 178.

ಇನ್ನು ಹಾಕುವ ಬಗೆ. ಲೆಜೆಂಡ್ ಖಾಲಿ ಮಾಡಿ. ಫಾರ್ಮ್ಯಾಟ್‌ನಲ್ಲಿ ಬಬಲ್ಸ್‌ನ (ಅಂದರೆ ಚುಕ್ಕಿಗಳ) ಬಣ್ಣದ ಪಕ್ಕ ಎಫ್‌ಎಕ್ಸ್ ಬಟನ್ ಇರುತ್ತದೆ. ಅದನ್ನು ಒತ್ತಿ, ‘ಫೀಲ್ಡ್ ವ್ಯಾಲ್ಯೂ’ ಆರಿಸಿ, ಬಣ್ಣ ಕೊಡುವ ಮೆಷರ್ (ಲೆಕ್ಕ ಹಾಕಿ ಉತ್ತರ ಕೊಡುವ ಸೂತ್ರ) ತೋರಿಸಿ. ಈ ಮೆಷರ್ ಬರೆಯುವಾಗ ಹುಷಾರು. ಒಂದೇ ಜಾಗದಿಂದ ಮೂರು ದೂರು ಬಂದಿರಬಹುದು, ಆದರೆ ಅಲ್ಲಿ ಬೀಳುವುದು ಒಂದೇ ಚುಕ್ಕಿ. ಅದಕ್ಕೆ ಯಾವ ಬಣ್ಣ? ಸುಮ್ನೆ ಸ್ಟೇಟಸ್ ಕಾಲಮ್ಮಿನ ‘ಫಸ್ಟ್’ ತೆಗೆದುಕೊಂಡರೆ ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ಬರುವುದು ಸಿಗುತ್ತದೆ. ಎರಡು ದೂರು ಮುಗಿದು ಒಂದು ತುರ್ತಾಗಿದ್ದರೂ ಚುಕ್ಕಿ ಬೂದು ಆಗಿಬಿಡಬಹುದು. ಗುಂಪುಗಳಿಗೆ 1, 2, 3 ಎಂದು ನಂಬರ್ ಕೊಟ್ಟದ್ದು ಇದಕ್ಕೇ. ಆ ಜಾಗದ ನಂಬರುಗಳಲ್ಲಿ ಅತಿ ಚಿಕ್ಕದನ್ನು ನೋಡಿ ಬಣ್ಣ ಕೊಡಿ. ಒಂದು ತುರ್ತು ದೂರು ಇದ್ದರೂ ಆ ಜಾಗ ಕೇಸರಿ-ಕೆಂಪಾಗಿಯೇ ಉಳಿಯಬೇಕು.

ಲೆಜೆಂಡ್ ತೆಗೆದ ಮೇಲೆ ಬಣ್ಣದ ಅರ್ಥ ಹೇಳುವವರು ಇರುವುದಿಲ್ಲ. ಮ್ಯಾಪಿನ ಮೇಲೆ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಮೂರು ಗುಂಪಿನ ಹೆಸರನ್ನೂ ಅದರದೇ ಬಣ್ಣದ ಚುಕ್ಕಿಯ ಜೊತೆ ಬರೆಯಿರಿ.

ಮೂರರಲ್ಲಿ ಯಾವುದಕ್ಕೂ ಸೇರದ್ದು ಬಂದರೆ ಕಪ್ಪು ಬರುವಂತೆ ಮಾಡಿ. ಯಾರಾದರೂ ಹೊಸ ಸ್ಟೇಟಸ್ ಸೇರಿಸಿದರೆ ಅಥವಾ ಟೈಪ್ ಮಾಡುವಾಗ ಒಂದಕ್ಷರ ತಪ್ಪಿಸಿದರೆ, ಅದು ಅವತ್ತೇ ನಿಮ್ಮ ಕಣ್ಣಿಗೆ ಬೀಳುತ್ತದೆ.